ಲೆಹ್ಮನ್ ಬ್ರದರ್ಸ್ ಮೊದಲು ಅಂಗಡಿಯಾಗಿತ್ತಾ?

ಸೋಮವಾರಪೇಟೆ ಹುಡುಗ: 2008ರಲ್ಲಿ ಮುಳುಗಿದ ಅಮೆರಿಕದ ದೊಡ್ಡ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ಮೊದಲು ಬಟ್ಟೆ, ದಿನಸಿ ಮಾರ್ತಿತ್ತಂತೆ. ಅಂಗಡಿ ಇಟ್ಟವರು ಬ್ಯಾಂಕ್ ಆಗೋದು ಹೇಗೆ?

ಕಾಫಿಕಣ: ನಿಜ ಮಾರಾಯ. ಜರ್ಮನಿಯ ಬವೇರಿಯಾದ ದನದ ವ್ಯಾಪಾರಿಯ ಮಗ ಹೆನ್ರಿ ಲೆಹ್ಮನ್ 1844ರಲ್ಲಿ ಅಮೆರಿಕಕ್ಕೆ ಹೋಗಿ, ಅಲಬಾಮಾದ ಮಾಂಟ್ಗಮರಿಯಲ್ಲಿ ಅಂಗಡಿ ಹಾಕಿದ. ತಮ್ಮಂದಿರು ಇಮ್ಯಾನುಯೆಲ್, ಮೇಯರ್ ಬಂದು ಸೇರಿದ ಮೇಲೆ 1850ರಲ್ಲಿ ‘ಲೆಹ್ಮನ್ ಬ್ರದರ್ಸ್’ ಆಯ್ತು. ಗಿರಾಕಿಗಳ ಕೈಲಿ ಕಾಸಿಲ್ಲ, ಸಾಮಾನಿಗೆ ಬದಲು ಹತ್ತಿ ಕೊಡ್ತಿದ್ರು. ನಾವು ಕಾಫಿ ಬೆಳೆಗಾರರು ಮಳೆಗಾಲದಲ್ಲಿ ವ್ಯಾಪಾರಿ ಹತ್ರ ಅಡ್ವಾನ್ಸ್ ತಗೊಂಡು, ಕಣದಲ್ಲಿ ಚೆರ್ರಿ (ಕಾಫಿ ಹಣ್ಣು) ಒಣಗಿದ ಮೇಲೆ ಓಟಿ (ಒಣ ಹಣ್ಣಿನಿಂದ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ) ನೋಡಿ ಲೆಕ್ಕ ಚುಕ್ತಾ ಮಾಡಲ್ವಾ, ಹೆಚ್ಚುಕಮ್ಮಿ ಹಾಗೇ. ಬಟ್ಟೆಗಿಂತ ಹತ್ತಿಯಲ್ಲೇ ಲಾಭ ಕಂಡು ಅದನ್ನೇ ಹಿಡಿದ್ರು. ಆ ಹತ್ತಿ ಗುಲಾಮರ ದುಡಿಮೆಯದ್ದು, ಅದನ್ನ ಮುಚ್ಚಿಡೋದು ಬೇಡ. ಹೆನ್ರಿ ಮಾತ್ರ 1855ರಲ್ಲೇ ಹಳದಿ ಜ್ವರಕ್ಕೆ ಹೋಗ್ಬಿಟ್ಟ.

ಕುಶಾಲನಗರ ಅಕ್ಕ: ಬ್ಯಾಂಕ್ ಆಗಿದ್ದು ಯಾವಾಗ ಅಂತ ಹೇಳಲೇ ಇಲ್ವಲ್ಲ ಅಣ್ಣ?

ಕಾಫಿಕಣ: ಒಂದೇ ದಿನಕ್ಕೆ ಆಗಿದ್ದಲ್ಲ ಅಕ್ಕ. 1858ರಲ್ಲಿ ನ್ಯೂಯಾರ್ಕ್ ಕಚೇರಿ, 1870ರಲ್ಲಿ ಅಲ್ಲಿನ ಕಾಟನ್ ಎಕ್ಸ್‌ಚೇಂಜ್ (ಹತ್ತಿ ವ್ಯಾಪಾರದ ಮಾರುಕಟ್ಟೆ) ಕಟ್ಟೋದರಲ್ಲಿ ಪಾಲು. ಆಮೇಲೆ ರೈಲ್ವೆ ಬಾಂಡ್, ಅಂದ್ರೆ ರೈಲ್ವೆ ಕಂಪನಿಗಳ ಸಾಲಪತ್ರದ ವ್ಯವಹಾರ. 1906ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಅನ್ನೋ ಇನ್ನೊಂದು ಬ್ಯಾಂಕ್ ಜೊತೆ ಸೇರಿ ಸಿಯರ್ಸ್ ರೋಬಕ್ ಅನ್ನೋ ಚಿಲ್ಲರೆ ಮಾರಾಟ ಕಂಪನಿಯ ಷೇರನ್ನ ಮಾರುಕಟ್ಟೆಗೆ ತಂದ್ರು. ನನ್ನ ಪ್ರಕಾರ ನಿಜವಾದ ತಿರುವು ಅದೇ.

ಸೋಮವಾರಪೇಟೆ ಹುಡುಗ: ಕಾಫಿ ವ್ಯಾಪಾರಕ್ಕೂ ಇಳಿದಿದ್ರಾ?

ಕಾಫಿಕಣ: ಇಳಿದಿದ್ರು, 1880ರ ದಶಕದಲ್ಲಿ.