ಗಿರ್ಮಿಟ್: ಕರಾರಿಗೆ ಈ ಪದ ಧಾರವಾಡದಲ್ಲಿ ನಡೆದೀತೆ?

ಮಾನ್ಯರೆ,

ಫಿಜಿ ದ್ವೀಪಸಮೂಹದ ಕಬ್ಬಿನ ತೋಟಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಎದುರಾದ ಪದವೊಂದರ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. 1879ರ ‘ಲಿಯೋನಿಡಾಸ್’ ಹಡಗಿನಿಂದ ತೊಡಗಿ 1916ರವರೆಗೆ ಕಲಕತ್ತೆಯಿಂದಲೂ, ಆಮೇಲೆ ಮದರಾಸಿನಿಂದಲೂ ಸುಮಾರು 60,000 ಜನರನ್ನು ತೋಟದ ದುಡಿಮೆಗೆಂದು ಅಲ್ಲಿಗೆ ಸಾಗಿಸಲಾಯಿತು. ಅವರನ್ನು ಕಟ್ಟಿಹಾಕಿದ ‘ಅಗ್ರಿಮೆಂಟ್’ ಅವರದೇ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಅದಕ್ಕೆ ಒಳಪಟ್ಟವರು ‘ಗಿರ್ಮಿಟಿಯಾ’ಗಳಾದರು.

ತೊಡಕು ಇರುವುದು ನಮ್ಮ ಊರಿನಲ್ಲಿ. ಗಿರ್ಮಿಟ್ ಎಂದೊಡನೆ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ನೆನಪಾಗುವುದು ಉಳ್ಳಾಗಡ್ಡಿ-ಹುಣಸೆಹಣ್ಣಿನ ಗೊಜ್ಜು ಕಲಸಿ, ಪುಟಾಣಿ ಹಿಟ್ಟು ಉದುರಿಸಿದ ಚುರುಮುರಿ, ಪಕ್ಕದಲ್ಲೊಂದು ಮಿರ್ಚಿ. ‘ಐದು ವರ್ಷದ ಗಿರ್ಮಿಟ್ ಮುಗಿಸಿದ’ ಎಂಬ ನನ್ನ ವಾಕ್ಯ ಓದಿ ಗೆಳೆಯರೊಬ್ಬರು ನಕ್ಕುಬಿಟ್ಟರು. (ಮರಾಠಿಯಲ್ಲಿ ಬಡಿಗರು ತೂತು ಕೊರೆಯುವ ಸಲಕರಣೆಗೂ ಇದೇ ಹೆಸರು; ಅದು ‘ಗಿಮ್ಲೆಟ್’ನಿಂದ ಬಂದದ್ದು.)

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಜೀತ’ ಎಂದರೆ ಸಾಲ ತೀರುವವರೆಗಿನ, ಕೆಲವೊಮ್ಮೆ ಮಕ್ಕಳಿಗೂ ಇಳಿಯುವ ದುಡಿತ. ಗಿರ್ಮಿಟ್‌ಗಾದರೋ ಐದು ವರ್ಷಗಳ ಗಡುವು, ಗಂಡಾಳಿಗೆ ದಿನಕ್ಕೆ 1 ಶಿಲಿಂಗ್, ಹೆಣ್ಣಾಳಿಗೆ 9 ಪೆನ್ಸ್ ಎಂಬ ಲಿಖಿತ ದರ ಇದ್ದವು. ಹಾಗೆಂದು ‘ಗುತ್ತಿಗೆ ಕಾರ್ಮಿಕ’ ಎಂದರೆ ಇಂದಿನ ನಗರಸಭೆಯ ಪೌರಕಾರ್ಮಿಕರು ಕಣ್ಣಮುಂದೆ ಬರುತ್ತಾರೆ. ಅವರಿಗೆ ಕೆಲಸ ಬಿಡುವ ಹಕ್ಕಾದರೂ ಇದೆ. ಫಿಜಿಯಲ್ಲಿ ಕೆಲಸ ತಪ್ಪಿಸುವುದೇ ಅಪರಾಧವಾಗಿತ್ತು, ದಂಡವೋ ಸೆರೆಯೋ ಕಾದಿರುತ್ತಿತ್ತು, ಕೊಟ್ಟ ‘ಟಾಸ್ಕ್’ ಮುಗಿಯದಿದ್ದರೆ ಆ ದಿನದ ಕೂಲಿಗೆ ಕತ್ತರಿ ಬೀಳುತ್ತಿತ್ತು. ನಮ್ಮ ‘ಗುಳೆ’ ಪದ ಹತ್ತಿರದ್ದೆನಿಸಿದರೂ ಗುಳೆ ಹೋದವರು ಮಳೆಗಾಲಕ್ಕೆ ಬಿತ್ತನೆಗೆಂದು ಮರಳುತ್ತಾರೆ. ಫಿಜಿಗೆ ಹೋದವರು ಐದು ವರ್ಷಕ್ಕೆ ಮರಳಬೇಕೆಂದರೆ ಸ್ವಂತ ಖರ್ಚು. ಪುಕ್ಕಟೆ ಹಡಗು ಸಿಗಬೇಕಾದರೆ ಹತ್ತು ವರ್ಷ ಕಳೆಯಬೇಕಿತ್ತು. ಬಹಳಷ್ಟು ಜನ ಅಲ್ಲಿಯೇ ಉಳಿದರು.

‘ಕರಾರು ಕೂಲಿ’ ಅರ್ಥಕ್ಕೆ ಸರಿಹೊಂದುತ್ತದೆ, ಆದರೆ ಅದರಲ್ಲಿ ಕಚೇರಿಯ ವಾಸನೆಯಿದೆ. ಓದು ಬರದ ಜನ ಪರಭಾಷೆಯ ಪದವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡ ಬಗೆ ಅದರಲ್ಲಿ ಕಾಣೆಯಾಗುತ್ತದೆ. ಹೀಗಾಗಿ ಪದ್ಧತಿಗೆ ‘ಗಿರ್ಮಿಟ್ ಕರಾರು’ ಎಂದೂ, ವ್ಯಕ್ತಿಗೆ ‘ಒಕ್ಕಲಿಗ’, ‘ಗಾಣಿಗ’ಗಳ ಜಾಡಿನಲ್ಲಿ ‘ಗಿರ್ಮಿಟಿಗ’ ಎಂದೂ ಬಳಸುವ ಮನಸ್ಸಿದೆ. ಈ ‘-ಇಗ’ ಪ್ರತ್ಯಯ ಹೆಚ್ಚಾಗಿ ಕಸುಬನ್ನು ಸೂಚಿಸುವುದರಿಂದ, ಕರಾರಿಗೆ ಕಟ್ಟುಬಿದ್ದವನಿಗೆ ಅದನ್ನು ಹಚ್ಚುವುದು ತಪ್ಪಾದೀತೆ? ಹಾವೇರಿ, ಗದಗ ಕಡೆಯವರು ಮುಂಗಡ ಪಡೆದು ದೂರದ ತೋಟಗಳಿಗೆ ದುಡಿಯಹೋಗುವವರನ್ನು ಆಡುಮಾತಿನಲ್ಲಿ ಏನೆಂದು ಕರೆಯುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿರಿ.