2147483647 ಪ್ರೈಮ್ ಅಂತ ಕೈಯಲ್ಲೇ ಲೆಕ್ಕ ಹಾಕಿದ್ದು ಹೆಂಗೆ?

ಬಿಎಸ್ಸಿ ಹುಡುಗ, ಕೋಲಾರ:
ಸಿ ಲ್ಯಾಬಲ್ಲಿ ಇಂಟ್ ವೇರಿಯಬಲ್ ಹಿಡಿಯೋ ಅತಿ ದೊಡ್ಡ ನಂಬರ್ ನೋಡ್ತಿದ್ವಿ, 2147483647, ಅಂದ್ರೆ 2ರ ಘಾತ 31ರಲ್ಲಿ ಒಂದು ಕಮ್ಮಿ. ಇದು ಪ್ರೈಮ್ (1 ಮತ್ತೆ ಅದೇ ನಂಬರ್ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ್ದು) ಕೂಡ ಹೌದು, ಗಣಿತಜ್ಞ ಆಯ್ಲರ್ 1772ರಲ್ಲೇ ಕೈಲೆಕ್ಕದಲ್ಲಿ ತೋರಿಸಿದ್ರು ಅಂದ್ರು ಮೇಡಂ. ವರ್ಗಮೂಲದ ತನಕ ಭಾಗಿಸಿ ನೋಡಿದ್ರೆ ಸಾಕು, ಅದು 46340 ಚಿಲ್ಲರೆ ಬರುತ್ತೆ, ಆದ್ರೆ ಅಷ್ಟರೊಳಗೆ ಪ್ರೈಮ್‌ಗಳೇ ನಾಲ್ಕೂವರೆ ಸಾವಿರದ ಮೇಲೆ ಐತೆ, ನಿನ್ನೆ ರಾತ್ರಿ ನಾನು 3, 5, 7 ಅಂತ ಭಾಗಿಸ್ತಾ 61ರ ತನಕ ಬರೋಷ್ಟರಲ್ಲೇ ಎರಡು ಪುಟ ತುಂಬೋಯ್ತು. ಅವ್ರು ಹೆಂಗೆ ಮಾಡಿದ್ರು?

ಮೇಷ್ಟ್ರು, ಮಾಲೂರು:
ಆ ಎರಡು ಪುಟ ಬೇಕಿರ್ಲಿಲ್ಲಪ್ಪ, 311ಕ್ಕಿಂತ ಚಿಕ್ಕ ಪ್ರೈಮ್ ಯಾವುದೂ ಇದನ್ನ ಭಾಗಿಸೋಕೇ ಆಗಲ್ಲ. ಮೊದ್ಲು ಚಿಕ್ಕದು ನೋಡು. 2ರ ಘಾತಗಳನ್ನ 23ರಿಂದ ಭಾಗಿಸಿ ಶೇಷ ಬರ್ಕೊ: 2, 4, 8, 16, 9, 18, 13, 3, 6, 12, 1. ಹನ್ನೊಂದಕ್ಕೆ ಸರಿಯಾಗಿ 1 ಬಂತು, ಅದಕ್ಕೇ 2ರ ಘಾತ 11ರಲ್ಲಿ ಒಂದು ಕಳೆದ್ರೆ 23ರಿಂದ ಭಾಗ ಹೋಗುತ್ತೆ. ಈ ಸುತ್ತಿನ ಉದ್ದ ಯಾವಾಗ್ಲೂ ಪ್ರೈಮ್‌ಗಿಂತ ಒಂದು ಕಮ್ಮಿ ಇರೋ ನಂಬರನ್ನ ಭಾಗಿಸ್ಲೇಬೇಕು, 22ನ್ನ 11 ಭಾಗಿಸಿದ ಹಾಗೆ, ಇದು ಗಣಿತಜ್ಞ ಫರ್ಮಾ ಕೊಟ್ಟ ನಿಯಮ. ನಿನ್ನ ನಂಬರಿಗೆ ಸುತ್ತು 31, ಪ್ರೈಮ್‌ಗಿಂತ ಒಂದು ಕಮ್ಮಿ ಇರೋದು ಸಮಸಂಖ್ಯೆ ಬೇರೆ, ಹಾಗಾಗಿ ಭಾಗಿಸೋ ಪ್ರೈಮ್ 62ರ ಮಗ್ಗಿಗೆ ಒಂದು ಕೂಡಿಸಿದ್ದೇ ಆಗಿರ್ಬೇಕು. ಮೇಲಿಂದ ಅದನ್ನ 8ರಿಂದ ಭಾಗಿಸಿದ್ರೆ 1 ಇಲ್ಲಾ 7 ಉಳೀಬೇಕು. ಎರಡೂ ಸೇರಿಸಿದ್ರೆ 248ರ ಮಗ್ಗಿಗೆ 1 ಅಥವಾ 63 ಕೂಡಿಸಿದ ನಂಬರ್‌ಗಳು ಮಾತ್ರ ಉಳಿಯುತ್ವೆ, 46340ರೊಳಗೆ 63ನ್ನ ಬಿಟ್ಟು ಬರೀ 372. ಅದರಲ್ಲೂ ಪ್ರೈಮ್ ಅಲ್ಲದ್ದನ್ನ ತೆಗೆದುಹಾಕು. ಸಾವಿರಗಟ್ಲೆ ಭಾಗಾಕಾರ ಹೋಗಿ ಕೆಲವೇ ದಿನ ಕೂತು ಮುಗಿಸೋ ಲೆಕ್ಕ ಆಗೋಯ್ತು, ನಂಗೆ ಇವತ್ತಿಗೂ ಇದು ಮೈ ಜುಮ್ ಅನ್ಸುತ್ತೆ.

ಚಿಂತಾಮಣಿ ಅಕ್ಕ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಘಾತ ಪ್ರೈಮ್ ಆದ ಮಾತ್ರಕ್ಕೆ ನಂಬರ್ ಪ್ರೈಮ್ ಆಗಲ್ಲ. ನಮ್ಮನೇದು ಟೊಮೆಟೊ ವ್ಯಾಪಾರ, ನಾನು ಪ್ರೈಮ್ ಅರ್ಥ ಮಾಡ್ಕೊಂಡಿದ್ದೇ ಮಂಡೀಲಿ ಬಾಕ್ಸ್ ಜೋಡಿಸ್ತಾ. 2ರ ಘಾತ 11ರಲ್ಲಿ ಒಂದು ಕಳೆದ್ರೆ 2047, ಅಷ್ಟು ಬಾಕ್ಸ್ ಇದ್ರೆ 23 ಸಾಲು, ಸಾಲಿಗೆ 89, ಒಂದೂ ಮಿಕ್ಕಲ್ಲ. 2147483647 ಬಾಕ್ಸ್ ಇದ್ರೆ ಒಂದೇ ಉದ್ದ ಸಾಲು ಬಿಟ್ರೆ ಬೇರೆ ದಾರಿನೇ ಇಲ್ಲ. 2ರ ಘಾತ 67ರಲ್ಲಿ ಒಂದು ಕಳೆದದ್ದು ಪ್ರೈಮ್ ಅಂತ 1644ರಲ್ಲಿ ಮರ್ಸೆನ್ ಅನ್ನೋ ಗಣಿತಜ್ಞ ಬರೆದಿದ್ರು, 1903ರಲ್ಲಿ ಕೋಲ್ ಅನ್ನೋರು ಅದನ್ನ 193707721 ಮತ್ತೆ 761838257287 ಅಂತ ಒಡೆದು ತೋರಿಸಿದ್ರು. ಮೊದಲನೇದ್ರಲ್ಲಿ ಒಂದು ಕಳೆದು 134ರಿಂದ, ಅಂದ್ರೆ 67ರ ಎರಡರಷ್ಟರಿಂದ, ಭಾಗಿಸಿ ನೋಡಿ, ಸರಿಯಾಗಿ 1445580 ಬರುತ್ತೆ.

ಬಿಎಸ್ಸಿ ಹುಡುಗ, ಕೋಲಾರ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಅಕ್ಕ. ಈಗ್ಲೇ ಕೂತ್ಕೊಂಡೆ. 249 ಬರಲ್ಲ, ಅದು 3ರ ಮಗ್ಗೀದು. 311ಕ್ಕೆ 6905092 ಸಲ ಹೋಗಿ 35 ಮಿಕ್ತು. ಆಮೇಲೆ 497, 559, 745 ಅಂತ ಸಾಲಾಗಿ ಎಲ್ಲಾ ಒಡೆದುಹೋದ್ವು, ಮುಂದಿನ ಪ್ರೈಮ್ ಸಿಕ್ಕಿದ್ದೇ 1303, ಅದ್ರಲ್ಲಿ 226 ಮಿಕ್ತು. ಈಗ 1489 ಹಿಡ್ದಿದೀನಿ.