ಸಹಾಯ ಬೇಕು: ನ್ಯೂಜಿಲೆಂಡ್ ಚುನಾವಣೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ನ್ಯೂಜಿಲೆಂಡ್ ಬಗ್ಗೆ ಪಾಠ ಮಾಡಬೇಕು. ಎರಡು ದೊಡ್ಡ ದ್ವೀಪ, ರಾಜಧಾನಿ ವೆಲ್ಲಿಂಗ್ಟನ್, ಹಾಲಿನ ಪುಡಿಯ ರಫ್ತು, ಇದೆಲ್ಲ ಸುಲಭ. ನನಗೆ ತುಂಬಾ ಇಷ್ಟವಾಗಿದ್ದು ಅಲ್ಲಿನ ಚುನಾವಣೆ. 1996ರಿಂದ ಪ್ರತಿ ಮತದಾರರಿಗೂ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷವೊಂದು ಶೇ 5ರಷ್ಟು ಮತ ಪಡೆಯಬೇಕು, ಇಲ್ಲವೇ ಒಂದು ಕ್ಷೇತ್ರವನ್ನಾದರೂ ಗೆಲ್ಲಬೇಕು. ಆಗ ಪಕ್ಷದ ಮತಗಳ ಲೆಕ್ಕದಲ್ಲಿ ಸೀಟು ಸಿಗುತ್ತದೆ. ಒಂದೇ ಬಟನ್ ಒತ್ತುವುದನ್ನು ನೋಡಿರುವ ನಮ್ಮ ಮಕ್ಕಳಿಗೆ ಇದು ಪೂರ್ತಿ ಹೊಸದು, ಅಲ್ವಾ?

ಅಲ್ಲಿ ಪೌರತ್ವ ಇಲ್ಲದ ಕಾಯಂ ನಿವಾಸಿಗಳಿಗೂ ಮತದ ಹಕ್ಕಿದೆ. ಆಕ್ಲೆಂಡ್ ಕಡೆ ಮತ ಹಾಕಿದ ಕನ್ನಡಿಗರು ಗುಂಪಿನಲ್ಲಿ ಇದ್ದೀರಾ? ಎರಡು ಮತಗಳನ್ನು ಹೇಗೆ ನಿರ್ಧರಿಸುತ್ತೀರಿ ಅಂತ ನಾಲ್ಕು ಸಾಲು ಬರೆಯಿರಿ. ಮಾದರಿ ಮತಪತ್ರದ ಚಿತ್ರವಿದ್ದರೆ ದಯವಿಟ್ಟು ಕಳಿಸಿ. ಸೋಮವಾರ ಪಾಠ ಇದೆ.